ಒಂದು ಸಲ ಹೇಳಿದ್ರೆ ಇಪ್ಪತ್ತು ಸಲ ಬಡಿಯುವ ರೆಕ್ಕೆ

ಮೊನ್ನೆ ಉಡುಪಿಯಲ್ಲಿ ಒಂದು ಸಂಜೆ ಮಾತಾಡಿದ್ದನ್ನ ಬರೆದು ಹಾಕಿ ಅಂತ ಬಂದವರಲ್ಲಿ ಕೆಲವರು ಕೇಳಿದ್ರು, ಅದಕ್ಕೆ ಇದು. ಮಾತಾಡುವಾಗ ಹೇಗೆ ಬಂತೋ ಹೆಚ್ಚುಕಮ್ಮಿ ಹಾಗೇ ಇಟ್ಟಿದ್ದೇನೆ. ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದನ್ನ ಮಾತ್ರ ಇಲ್ಲಿ ಮಾತಲ್ಲೇ ಹೇಳ್ಬೇಕಾಯ್ತು.

ಎಲ್ಲರಿಗೂ ನಮಸ್ಕಾರ. ಹೊರಗೆ ಈ ಪರಿ ಮಳೆ, ಆದ್ರೂ ಇಷ್ಟು ಜನ ಬಂದಿದ್ದೀರಿ, ಖುಷಿ ಆಯ್ತು. ಒಂದು ಸಲ ಮೇಲೆ ಟ್ಯೂಬ್‌ಲೈಟ್ ನೋಡಿ. ಒಂದು ಪತಂಗ ಉಂಟು, ಅದರ ರೆಕ್ಕೆ ಪಟಪಟ ಅನ್ನುದು ಕಣ್ಣಿಗೇ ಕಾಣ್ತದೆ. ಆಚೆ ಒಂದು ದುಂಬಿ ಗೋಡೆಗೆ ಬಡ್ಕೊಳ್ತಾ ಉಂಟು, ಅದರ ರೆಕ್ಕೆ ಕಾಣುದಿಲ್ಲ, ಬರೀ ಗುಂಯ್ ಅನ್ನುವ ಶಬ್ದ ಕೇಳ್ತದೆ. ಮತ್ತೆ ಸೊಳ್ಳೆ, ಅದನ್ನ ನಾನು ತೋರಿಸ್ಬೇಕಾದ್ದಿಲ್ಲ, ಅದೇ ನಿಮ್ಮ ಕಿವಿ ಹತ್ರ ಬರ್ತದೆ. ಈ ಪತಂಗಕ್ಕೂ ದುಂಬಿಗೂ ಇರುವ ವ್ಯತ್ಯಾಸವೇ ಇವತ್ತಿನ ಇಡೀ ವಿಷಯ. ಎರಡಕ್ಕೂ ರೆಕ್ಕೆ ಉಂಟು, ಎರಡಕ್ಕೂ ಸ್ನಾಯು ಉಂಟು, ಎರಡೂ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಉಂಟು, ಆದ್ರೆ ಆ ಕ್ಯಾಲ್ಸಿಯಂ ಮಾಡುವ ಕೆಲಸ ಮಾತ್ರ ಬೇರೆ ಬೇರೆ.

ಇಲ್ಲಿ ಹಾರ್ಮೋನಿಯಂ ಗೊತ್ತಿದ್ದವರು ಇದ್ದೀರಿ ಅಂತ ಕೇಳಿದೆ. ಪೆಟ್ಟಿಗೆಯಲ್ಲಿ ಸಾಕುವ ಮೆಲ್ಲಿಫೆರಾ ಜೇನು ಸೆಕೆಂಡಿಗೆ ಸುಮಾರು 230 ಸಲ ರೆಕ್ಕೆ ಬಡೀತದೆ. ಶ್ರುತಿಯಲ್ಲಿ ಹೇಳುದಾದ್ರೆ ಮಧ್ಯದ ಬಿಳಿ ಒಂದಕ್ಕಿಂತ ಸ್ವಲ್ಪ ಕೆಳಗೆ, ಕಪ್ಪು ಐದು. ನಮ್ಮ ಭಾಗವತರು ಅದನ್ನ ಕೇಳಿದ ಕೂಡ್ಲೇ ಹೇಳಿಯಾರು. ಇದು ಬರೀ ಮಾತಿಗೆ ಹೇಳಿದ್ದಲ್ಲ, ಫಿನ್ಲೆಂಡಿನಲ್ಲಿ ಸೊತಾವಲ್ಟಾ ಅಂತ ಒಬ್ಬರು ಕೀಟ ವಿಜ್ಞಾನಿ ಇದ್ರು, ಅವರಿಗೆ ಯಾವ ಶಬ್ದ ಕೇಳಿದ್ರೂ ಅದು ಯಾವ ಸ್ವರ ಅಂತ ನೇರ ಗೊತ್ತಾಗುವ ಕಿವಿ, ಅವರು ಆ ಕಿವಿಯಿಂದ್ಲೇ ನೂರಾರು ಕೀಟದ ರೆಕ್ಕೆ ಬಡಿತ ಅಳೆದ್ರು. ಫೋರ್ಸಿಪೊಮಿಯಾ ಅನ್ನುವ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನೊಣ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಬಡೀತದೆ ಅಂತ 1953ರಲ್ಲಿ ಬರೆದ್ರು. ಅದರ ರೆಕ್ಕೆಯನ್ನ ಕತ್ತರಿಸಿ ಗಿಡ್ಡ ಮಾಡಿದ್ರೆ ಎರಡು ಸಾವಿರ ದಾಟ್ತದೆ! ಈ ಕತ್ತರಿಸಿದ ರೆಕ್ಕೆಯ ವಿಷಯ ನೆನಪಿಡಿ, ಮತ್ತೆ ಬೇಕಾಗ್ತದೆ.

ಈಗ ಪ್ರಶ್ನೆ ಎಂತದು ಅಂದ್ರೆ, ಸ್ನಾಯು ಕೆಲಸ ಮಾಡ್ಬೇಕಾದ್ರೆ ನರ ಹೇಳ್ಬೇಕು. ನರ ಒಂದು ಸಲ ಹೇಳಿದ್ರೆ ಸ್ನಾಯು ಒಂದು ಸಲ ಎಳೀತದೆ, ನಾವು ಶಾಲೆಯಲ್ಲಿ ಕಲ್ತದ್ದು ಹಾಗೆ. ಪತಂಗದಲ್ಲಿ, ಮಿಡತೆಯಲ್ಲಿ, ಡ್ರ್ಯಾಗನ್‌ಫ್ಲೈಯಲ್ಲಿ ನಿಜವಾಗಿಯೂ ಹಾಗೇ. ಆದ್ರೆ ನೊಣದ ಸ್ನಾಯುವಿಗೆ ತಂತಿ ಚುಚ್ಚಿ ನೋಡಿದ್ರೆ ರೆಕ್ಕೆ ಸೆಕೆಂಡಿಗೆ 200 ಸಲ ಬಡೀತಾ ಇರುವಾಗ ನರ ಹೇಳುದು ಐದೋ ಹತ್ತೋ ಸಲ, ಅಷ್ಟೇ. ಇದನ್ನ ಸರಿಯಾಗಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಪ್ರಿಂಗಲ್, 1949ರಲ್ಲಿ. ಹಾಗಾದ್ರೆ ಉಳಿದ ಬಡಿತಕ್ಕೆ ಅಪ್ಪಣೆ ಕೊಡುದು ಯಾರು?

ಅದಕ್ಕೆ ಉತ್ತರ ಹೇಳ್ಬೇಕಾದ್ರೆ ಮೊದಲು ಕ್ಯಾಲ್ಸಿಯಂ ಸ್ನಾಯುವಿನ ಒಳಗೆ ಎಂತ ಮಾಡ್ತದೆ ಅಂತ ನೋಡ್ಬೇಕು, ಸ್ವಲ್ಪ ಹಿಂದೆ ಹೋಗುವ.

ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಅಂತ ಒಬ್ಬರು ಡಾಕ್ಟ್ರು. 1880ರ ದಶಕದ ಸುರುವಿಗೆ ಅವರು ಕಪ್ಪೆಯ ಹೃದಯವನ್ನ ಹೊರಗೆ ತೆಗೆದು ಉಪ್ಪು ನೀರಲ್ಲಿ ಇಟ್ಟು ಅದು ಎಷ್ಟು ಹೊತ್ತು ಬಡೀತದೆ ಅಂತ ನೋಡ್ತಾ ಇದ್ರು. ಚೆನ್ನಾಗಿಯೇ ಬಡೀತಿತ್ತು, ಅವರು ಪ್ರಬಂಧವನ್ನೂ ಬರೆದ್ರು. ಆಮೇಲೆ ಗೊತ್ತಾಯ್ತು ಆ ದ್ರಾವಣವನ್ನ ಶುದ್ಧ ಭಟ್ಟಿ ನೀರಲ್ಲಿ ಮಾಡಿದ್ದಲ್ಲ, ಲಂಡನ್ನಿನ ನಲ್ಲಿ ನೀರಲ್ಲಿ ಮಾಡಿದ್ದು ಅಂತ. ಭಟ್ಟಿ ನೀರಲ್ಲಿ ಮಾಡಿ ಇಟ್ರೆ ಹೃದಯ ನಿಂತೇ ಹೋಯ್ತು. ನಲ್ಲಿ ನೀರಲ್ಲಿ ಇದ್ದದ್ದು ಸುಣ್ಣದಂಶ, ಅಂದ್ರೆ ಕ್ಯಾಲ್ಸಿಯಂ. 1883ರಲ್ಲಿ ಅವರು ಹಳೆ ಪ್ರಬಂಧವನ್ನ ತಿದ್ದಿ ಇದನ್ನ ಬರೆದ್ರು. ತಪ್ಪನ್ನ ಹಾಗೆ ಬಿಚ್ಚಿ ಬರೆದದ್ದರಿಂದ್ಲೇ ಆ ಕೆಲಸ ಇವತ್ತಿಗೂ ಉಳಿದದ್ದು, ನನಗೆ ಅವರ ಮೇಲೆ ಬಹಳ ಗೌರವ.

ವಿಚಿತ್ರ ಅಂದ್ರೆ ಎಪ್ಪತ್ತು ವರ್ಷ ಕಳೆದ ಮೇಲೂ ಅದೇ ನೀರಿನ ಕತೆ ಪುನಃ ಆಯ್ತು. ಸ್ನಾಯುವಿನಿಂದ ಆಕ್ಟಿನ್, ಮಯೋಸಿನ್ ಅನ್ನುವ ಎರಡು ಪ್ರೋಟೀನ್ ತೆಗೆದು ಗಾಜಿನ ನಳಿಗೆಯಲ್ಲಿ ಬೆರೆಸಿ ಎಟಿಪಿ, ಅಂದ್ರೆ ಕೋಶಕ್ಕೆ ಶಕ್ತಿ ಕೊಡುವ ಅಣು, ಹಾಕಿದ್ರೆ ಅದು ಸಂಕೋಚ ಆಗ್ತಿತ್ತು, ಕ್ಯಾಲ್ಸಿಯಂ ಹಾಕದಿದ್ರೂ ಆಗ್ತಿತ್ತು, ಹಾಗಾಗಿ ಕ್ಯಾಲ್ಸಿಯಂ ಬೇಡ ಅಂತ ದೊಡ್ಡ ದೊಡ್ಡವರೇ ಹೇಳ್ತಿದ್ರು. ಕೊನೆಗೆ ನೋಡಿದ್ರೆ ನೀರಲ್ಲಿ, ರಾಸಾಯನಿಕದಲ್ಲಿ, ಗಾಜಿನಲ್ಲಿ ಇದ್ದ ಚೂರುಪಾರು ಕ್ಯಾಲ್ಸಿಯಮ್ಮೇ ಸಾಕಾಗ್ತಿತ್ತು! ಆ ಚೂರನ್ನೂ ಹಿಡಿದು ತೆಗೆದ್ರೆ ಸಂಕೋಚ ನಿಲ್ತದೆ ಅಂತ ತೋರಿಸಿದವರು ಆನ್‌ಮರಿ ವೇಬರ್ ಮತ್ತು ಜಪಾನಿನ ಸೆತ್ಸುರೊ ಎಬಾಶಿ. ಎಬಾಶಿಯವರ ಗುಂಪು ಅಲ್ಲಿಗೇ ನಿಲ್ಲದೆ ಕ್ಯಾಲ್ಸಿಯಂ ಹೋಗಿ ಹಿಡ್ಕೊಳ್ಳುವ ಪ್ರೋಟೀನನ್ನೇ ಹುಡುಕಿ ತೆಗೆದು 1965ರಲ್ಲಿ ಅದಕ್ಕೆ ಟ್ರೊಪೋನಿನ್ ಅಂತ ಹೆಸರಿಟ್ಟಿತು.

ಅಷ್ಟು ಚೂರು ಸಾಕಾಗುದು ಯಾಕೆ? ನಮ್ಮೂರಿನವರಿಗೆ ಇದನ್ನ ಹೇಳುದು ಸುಲಭ. ನದಿ ಸಮುದ್ರ ಸೇರುವಲ್ಲಿ ಕಿಂಡಿ ಅಣೆಕಟ್ಟು ಕಟ್ಟುದು ಯಾಕೆ? ಉಬ್ಬರಕ್ಕೆ ಉಪ್ಪು ನೀರು ಮೇಲೆ ಬಂದು ಗದ್ದೆಗೆ, ಬಾವಿಗೆ ನುಗ್ಗಬಾರದು ಅಂತ. ಪ್ರತಿಯೊಂದು ಜೀವಕೋಶವೂ ಅದೇ ಮಾಡ್ತಾ ಉಂಟು. ಹೊರಗೆ ಇರುವ ಕ್ಯಾಲ್ಸಿಯಮ್ಮಿಗಿಂತ ಒಳಗೆ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ ಇಟ್ಕೊಳ್ತದೆ, ಹಗಲು ರಾತ್ರಿ ಪಂಪ್ ಮಾಡಿ ಹೊರಗೆ ಹಾಕ್ತಾ ಇರ್ತದೆ. ಕೋಶದ ಒಳಗೆ ಇಡೀ ವ್ಯವಹಾರ ನಡಿಯುದು ಫಾಸ್ಫೇಟಿನ ಮೇಲೆ, ಎಟಿಪಿ ಅಂದ್ರೂ ಫಾಸ್ಫೇಟೇ, ಅದಕ್ಕೆ ಕ್ಯಾಲ್ಸಿಯಂ ಜಾಸ್ತಿ ಸೇರಿದ್ರೆ ಗಟ್ಟಿ ಕಟ್ತದೆ, ನಮ್ಮ ಎಲುಬು ಆದದ್ದೇ ಅದರಿಂದ. ಹಾಗಾಗಿ ಗದ್ದೆಯನ್ನ ಸಿಹಿಯಾಗಿ ಇಟ್ಕೊಳ್ಬೇಕು. ಮತ್ತೆ ಸಿಹಿ ಇರುವಲ್ಲಿ ಒಂದು ಕಿಂಡಿ ತೆಗೆದ್ರೂ ಉಪ್ಪು ನಾಲಗೆಗೆ ತಕ್ಷಣ ಗೊತ್ತಾಗ್ತದಲ್ಲ? ಸ್ನಾಯು ಬಳಸುದು ಅದನ್ನೇ. ಸ್ನಾಯುಕೋಶದ ಒಳಗೆ ತೆಳ್ಳಗಿನ ಪೊರೆಯ ಚೀಲಗಳಲ್ಲಿ ಕ್ಯಾಲ್ಸಿಯಂ ತುಂಬಿಸಿಟ್ಟಿರ್ತದೆ, ನರ ಹೇಳಿದ ಕೂಡ್ಲೇ ಕಿಂಡಿ ತೆರೀತದೆ, ಕ್ಯಾಲ್ಸಿಯಂ ಹೊರಗೆ ಚೆಲ್ತದೆ, ಕೆಲಸ ಆದ ಮೇಲೆ ಪಂಪ್ ಅದನ್ನ ಪುನಃ ಚೀಲಕ್ಕೆ ತುಂಬಿಸ್ತದೆ. ಎರಡು ಕ್ಯಾಲ್ಸಿಯಂ ಒಳಗೆ ಹಾಕ್ಲಿಕ್ಕೆ ಒಂದು ಎಟಿಪಿ ಖರ್ಚು.

ಈ ಚೆಲ್ಲಿದ ಕ್ಯಾಲ್ಸಿಯಮ್ಮನ್ನ ಹಿಡಿಯುದು ಹೇಗೆ ಅನ್ನುದು ಮೊದಲು ಕಣ್ಣಿಗೆ ಕಂಡದ್ದು ಮೀನಿನಲ್ಲಿ. ಕಾರ್ಪ್ ಮೀನಿನ ಮಾಂಸದಲ್ಲಿ ಪಾರ್ವಾಲ್ಬುಮಿನ್ ಅನ್ನುವ ಸಣ್ಣ ಪ್ರೋಟೀನ್ ಉಂಟು, 1973ರಲ್ಲಿ ಕ್ರೆಟ್ಸಿಂಜರ್ ಮತ್ತೆ ಅವರ ಜೊತೆಗಾರರು ಅದರ ಆಕಾರ ಬಿಡಿಸಿದ್ರು. ನಿಮ್ಮ ಬಲಗೈ ಎತ್ತಿ, ತೋರುಬೆರಳು ಮತ್ತು ಹೆಬ್ಬೆರಳು ನೆಟ್ಟಗೆ ಮಾಡಿ, ಉಳಿದ ಬೆರಳು ಮಡಚಿ. ಹಾ, ಹಾಗೇ. ತೋರುಬೆರಳು ಒಂದು ಸುರುಳಿ, ಅದಕ್ಕೆ ಇ ಅಂತ ಹೆಸರು, ಹೆಬ್ಬೆರಳು ಇನ್ನೊಂದು ಸುರುಳಿ, ಅದು ಎಫ್. ಮಡಚಿದ ಬೆರಳಿನ ಜಾಗದಲ್ಲಿ 12 ಅಮೈನೋ ಆಮ್ಲದ ಒಂದು ಕುಣಿಕೆ, ಅದರೊಳಗೆ ಒಂದೇ ಒಂದು ಕ್ಯಾಲ್ಸಿಯಂ ಸರಿಯಾಗಿ ಕೂರ್ತದೆ, ಸುತ್ತಲಿನ ಆಮ್ಲಜನಕದ ಪರಮಾಣುಗಳು ಅದನ್ನ ಹಿಡ್ಕೊಳ್ತವೆ. ಇದಕ್ಕೆ ಇಎಫ್ ಹಸ್ತ ಅಂತಾರೆ. ಮೀನಿನಲ್ಲಿ ಕಂಡ ಈ ಹಸ್ತ ಆಮೇಲೆ ಎಲ್ಲಿ ನೋಡಿದ್ರೂ ಸಿಕ್ತು, ಹುಳದಲ್ಲಿ, ನೊಣದಲ್ಲಿ, ಗಿಡದಲ್ಲಿ, ನಮ್ಮ ಮೆದುಳಲ್ಲಿ. ಟ್ರೊಪೋನಿನ್ನಿನ ಕ್ಯಾಲ್ಸಿಯಂ ಹಿಡಿಯುವ ತುಂಡು, ಟ್ರೊಪೋನಿನ್-ಸಿ, ಅದರಲ್ಲೂ ಇಂಥಾ ನಾಲ್ಕು ಹಸ್ತ, ಎರಡು ಒಂದು ತುದಿಯಲ್ಲಿ, ಎರಡು ಇನ್ನೊಂದು ತುದಿಯಲ್ಲಿ. ಆದ್ರೆ ನಾಲ್ಕು ಹಸ್ತ ಇದ್ದ ಕೂಡ್ಲೇ ನಾಲ್ಕೂ ಹಿಡೀತವೆ ಅಂತ ಇಲ್ಲ, ಕೆಲವು ಕಾಲಕ್ರಮದಲ್ಲಿ ಹಿಡಿಯುವ ಶಕ್ತಿ ಕಳ್ಕೊಂಡಿವೆ. ನಮ್ಮ ಹೃದಯದಲ್ಲಿರುವ ಟ್ರೊಪೋನಿನ್-ಸಿಯಲ್ಲೇ ಒಂದು ಹಸ್ತ ಖಾಲಿ.

ಕೆಲಸ ಹೇಗೆ ಅಂದ್ರೆ, ಆಕ್ಟಿನ್ ಅಂದ್ರೆ ಒಂದು ಹಗ್ಗ, ಮಯೋಸಿನ್ ಅಂದ್ರೆ ಆ ಹಗ್ಗವನ್ನ ಹಿಡಿದು ಎಳೆಯುವ ಕೈಗಳು. ಹಗ್ಗದ ಉದ್ದಕ್ಕೂ ಟ್ರೊಪೋಮಯೋಸಿನ್ ಅನ್ನುವ ಒಂದು ನೂಲು ಅಡ್ಡ ಮಲಗಿದೆ, ಕೈ ಹಿಡಿಯುವ ಜಾಗವನ್ನ ಮುಚ್ಕೊಂಡು. ಟ್ರೊಪೋನಿನ್-ಐ ಅನ್ನುವ ತುಂಡು ಆ ನೂಲು ಅಲ್ಲಾಡದ ಹಾಗೆ ಒತ್ತಿ ಹಿಡಿದಿರ್ತದೆ. ಕ್ಯಾಲ್ಸಿಯಂ ಬಂದು ಟ್ರೊಪೋನಿನ್-ಸಿಯ ಹಸ್ತದಲ್ಲಿ ಕೂತ್ರೆ ಅದು ಅರಳ್ತದೆ, ಅರಳಿ ಟ್ರೊಪೋನಿನ್-ಐಯನ್ನ ತನ್ನ ಕಡೆಗೆ ಎಳ್ಕೊಳ್ತದೆ, ನೂಲು ಪಕ್ಕಕ್ಕೆ ಜರುಗ್ತದೆ, ಕೈಗಳಿಗೆ ಹಗ್ಗ ಸಿಕ್ತದೆ.

ಮಲ್ಪೆಯಲ್ಲೋ ಪಡುಬಿದ್ರಿಯಲ್ಲೋ ಕೈರಂಪಣಿ ಬಲೆ ಎಳೆಯುದು ನೋಡಿದ್ದೀರಲ್ಲ? ಸಾಲಾಗಿ ನಿಂತು ಒಬ್ಬ ಕೂಗ್ಬೇಕು, ಎಲ್ಲರೂ ಎಳೀಬೇಕು, ಪುನಃ ಕೂಗ್ಬೇಕು, ಪುನಃ ಎಳೀಬೇಕು. ಒಂದು ಕೂಗಿಗೆ ಒಂದು ಎಳೆತ. ಪತಂಗದ ಸ್ನಾಯು ಹೀಗೆ. ಪ್ರತೀ ಬಡಿತಕ್ಕೂ ಕ್ಯಾಲ್ಸಿಯಂ ಚೆಲ್ಬೇಕು, ಪ್ರತೀ ಬಡಿತಕ್ಕೂ ಪುನಃ ತುಂಬಿಸ್ಬೇಕು.

ನಡುವೆ ಒಂದು ಬದಿ ಮಾತು ಹೇಳ್ಬೇಕು, ಯಾಕಂದ್ರೆ ಇದು ಮನೆಗೆ ಬೇಕಾದ ವಿಷಯ. ನನ್ನ ಅತ್ತಿಗೆಗೆ ಸಿಗಡಿ ತಿಂದ್ರೆ ತುಟಿ ಬಾತುಕೊಳ್ತದೆ, ಮೈಯೆಲ್ಲ ತುರಿಕೆ, ಆದ್ರೆ ಬಂಗುಡೆ ಬೂತಾಯಿ ಎಷ್ಟು ತಿಂದ್ರೂ ಏನೂ ಆಗುದಿಲ್ಲ. ಎಷ್ಟೋ ಮನೆಯಲ್ಲಿ ಹೀಗೆ ಇರುವವರು ಇದ್ದಾರೆ, ಮನೆಯವರು ನಾಟಕ ಅಂತ ಬೈಯುದೂ ಉಂಟು. ಅದು ನಾಟಕ ಅಲ್ಲ. ಸಿಗಡಿಯಲ್ಲಿ ಅಲರ್ಜಿ ಮಾಡುವ ಮುಖ್ಯ ಪ್ರೋಟೀನ್ ನಾನು ಈಗ ಹೇಳಿದ ಆ ಅಡ್ಡ ಮಲಗಿದ ನೂಲು, ಟ್ರೊಪೋಮಯೋಸಿನ್. ಮೀನಿನಲ್ಲಿ ಅಲರ್ಜಿ ಮಾಡುವ ಮುಖ್ಯ ಪ್ರೋಟೀನ್ ಆ ಹಸ್ತದ ಪಾರ್ವಾಲ್ಬುಮಿನ್. ಎರಡೂ ಬೇರೆ, ಹಾಗಾಗಿ ಒಂದು ಆಗದವರಿಗೆ ಇನ್ನೊಂದು ಆಗ್ಬಹುದು. ಎರಡೂ ಬೇಯಿಸಿದ್ರೂ ಸುಲಭಕ್ಕೆ ಕೆಡುದಿಲ್ಲ, ಚೆನ್ನಾಗಿ ಬೇಯಿಸಿ ಕೊಟ್ರೆ ಏನೂ ಆಗುದಿಲ್ಲ ಅಂತ ಒತ್ತಾಯ ಮಾಡ್ಬೇಡಿ ದಯವಿಟ್ಟು. ಸಿಗಡಿಯ ಟ್ರೊಪೋಮಯೋಸಿನ್ ಜಿರಳೆಯದ್ದಕ್ಕೆ ಬಹಳ ಹತ್ತಿರ ಹೋಲ್ತದೆ, ಸಿಗಡಿ ಮತ್ತು ಕೀಟ ಒಂದೇ ದೊಡ್ಡ ಕುಟುಂಬ ಅಲ್ವಾ, ಹಾಗಾಗಿ ಒಂದಕ್ಕೆ ಅಲರ್ಜಿ ಇದ್ದವರ ರಕ್ತ ಇನ್ನೊಂದಕ್ಕೂ ಪ್ರತಿಕ್ರಿಯೆ ತೋರಿಸುದುಂಟು.

ಮರುವಾಯಿ ಬಗ್ಗೆ ಒಬ್ಬರು ಆಗ್ಲೇ ಕೇಳಿದ್ರು. ಮರುವಾಯಿ, ಪಚ್ಚಿಲೆ ಇಂಥಾ ಚಿಪ್ಪಿನ ಪ್ರಾಣಿಗಳಲ್ಲಿ ದಾರಿ ಬೇರೆ, ಅಲ್ಲಿ ಕ್ಯಾಲ್ಸಿಯಂ ಮುಖ್ಯವಾಗಿ ಹೋಗಿ ಕೂರುದು ಹಗ್ಗದ ಮೇಲೆ ಅಲ್ಲ, ಎಳೆಯುವ ಕೈಯ ಮೇಲೇ, ಅಂದ್ರೆ ಮಯೋಸಿನ್ನಿಗೆ.

ಸರಿ, ಈಗ ಪುನಃ ನೊಣಕ್ಕೆ ಬರುವ. ಸೆಕೆಂಡಿಗೆ 200 ಸಲ ಅಂದ್ರೆ ಒಂದು ಬಡಿತಕ್ಕೆ ಸಿಗುದು 5 ಮಿಲಿಸೆಕೆಂಡ್. ಅಷ್ಟರೊಳಗೆ ಕ್ಯಾಲ್ಸಿಯಂ ಚೆಲ್ಲಿ, ಹಿಡಿಸಿ, ಬಿಡಿಸಿ, ಪುನಃ ತುಂಬಿಸ್ಬೇಕು. ಆಗುದೇ ಇಲ್ಲ ಅಂತ ಅಲ್ಲ. ಅಮೆರಿಕದ ಒಂದು ಜಾತಿಯ ಜೀರುಂಡೆಯ ಹಾಡುವ ಸ್ನಾಯು ಸೆಕೆಂಡಿಗೆ ಸುಮಾರು 550 ಸಲ ಹೀಗೆ ಕೂಗಿಗೊಂದು ಎಳೆತದ ಲೆಕ್ಕದಲ್ಲೇ ಕೆಲಸ ಮಾಡ್ತದೆ. ಆದ್ರೆ ಅದಕ್ಕೆ ಕೋಶದ ತುಂಬಾ ಚೀಲ ಬೇಕು, ಪಂಪ್ ಬೇಕು, ಪಂಪಿಗೆ ಎಟಿಪಿ ಬೇಕು, ಎಳೆಯುವ ಹಗ್ಗಕ್ಕೆ ಜಾಗವೇ ಕಡಿಮೆ ಆಗ್ತದೆ. ಶಬ್ದ ಮಾಡ್ಲಿಕ್ಕೆ ಅಷ್ಟು ಸಾಕು, ಮೈ ಎತ್ತಿ ಹಾರ್ಲಿಕ್ಕೆ ಸಾಲುದಿಲ್ಲ. ನೊಣದ, ಜೇನಿನ, ದುಂಬಿಯ ಹಾರುವ ಸ್ನಾಯುವನ್ನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಇದಕ್ಕೆ ಉಲ್ಟಾ ಕಾಣ್ತದೆ: ಹಗ್ಗದ ಕಂತೆ, ಅದರ ಪಕ್ಕ ಎಟಿಪಿ ತಯಾರಿಸುವ ದಪ್ಪ ದಪ್ಪ ಮೈಟೋಕಾಂಡ್ರಿಯಾ, ಕ್ಯಾಲ್ಸಿಯಂ ಚೀಲ ಮಾತ್ರ ಅಲ್ಲೊಂದು ಇಲ್ಲೊಂದು ಚಿಂದಿ. ಅಂದ್ರೆ ಅವು ಪ್ರತೀ ಬಡಿತಕ್ಕೆ ಕ್ಯಾಲ್ಸಿಯಂ ಚೆಲ್ಲಿ ತುಂಬಿಸುವ ಕೆಲಸವನ್ನೇ ಬಿಟ್ಟಿವೆ.

ಹಾಗಾದ್ರೆ ಹೇಗೆ? ಮೊದಲೆಲ್ಲ ಮರ ಕೊಯ್ಯುವವರು ದೊಡ್ಡ ಗರಗಸ ಹಿಡ್ಕೊಂಡು ಬರ್ತಿದ್ರಲ್ಲ, ಒಬ್ಬ ದಿಮ್ಮಿಯ ಮೇಲೆ ನಿಲ್ಲುದು, ಇನ್ನೊಬ್ಬ ಕೆಳಗೆ ಹೊಂಡದಲ್ಲಿ. ನನ್ನ ಸಣ್ಣದಿರುವಾಗ ಮನೆ ಅಂಗಳದಲ್ಲಿ ಒಂದು ಹಲಸಿನ ಮರ ಕೊಯ್ದದ್ದನ್ನ ಎರಡು ದಿವಸ ಕೂತು ನೋಡಿದ್ದೇನೆ. ಸುರುವಿಗೆ ಒಂದು ಸಲ ಹೂಂ ಅಂತಾರೆ, ಆಮೇಲೆ ಯಾರೂ ಮಾತಾಡುದಿಲ್ಲ. ಕೆಳಗಿನವ ಎಳೆದಾಗ ಮೇಲಿನವನ ತೋಳು ಚಾಚ್ತದೆ, ತೋಳು ಚಾಚಿದ್ದೇ ಅವನಿಗೆ ಎಳೀಲಿಕ್ಕೆ ಹೇಳಿದ ಹಾಗೆ, ಅವ ಎಳೆದಾಗ ಇವನ ತೋಳು ಚಾಚ್ತದೆ. ನೊಣದ ಎದೆಯಲ್ಲೂ ಎರಡು ಕಂತೆ ಸ್ನಾಯು, ಒಂದು ಎದೆಯ ಉದ್ದಕ್ಕೆ, ಒಂದು ಮೇಲಿಂದ ಕೆಳಗೆ. ಈ ಎರಡೂ ರೆಕ್ಕೆಗೆ ನೇರ ಅಂಟಿಕೊಂಡಿಲ್ಲ, ಎದೆಯ ಪೆಟ್ಟಿಗೆಯನ್ನೇ ಅಮುಕಿ ಆಕಾರ ಬದಲಾಯಿಸ್ತವೆ, ಪೆಟ್ಟಿಗೆ ಅಲ್ಲಾಡಿದಾಗ ರೆಕ್ಕೆ ಅಲ್ಲಾಡ್ತದೆ. ಒಂದು ಕಂತೆ ಎಳೆದಾಗ ಇನ್ನೊಂದು ಶೇಕಡಾ 3-4ರಷ್ಟು ಹಿಗ್ತದೆ, ಹಿಗ್ಗಿದ್ದಕ್ಕೆ ಒಂದು ಕ್ಷಣ ತಡವಾಗಿ ಅದು ಎಳೀತದೆ. ಇದಕ್ಕೆ ಹಿಗ್ಗಿದಾಗ ಎಚ್ಚರ ಆಗುದು ಅನ್ನಬಹುದು. ಬಡಿತದ ವೇಗ ತೀರ್ಮಾನ ಮಾಡುದು ನರ ಅಲ್ಲ, ಪೆಟ್ಟಿಗೆ ಮತ್ತು ರೆಕ್ಕೆಯ ಭಾರ. ಸೊತಾವಲ್ಟಾ ರೆಕ್ಕೆ ಕತ್ತರಿಸಿದಾಗ ವೇಗ ಜಾಸ್ತಿ ಆದದ್ದು ಅದಕ್ಕೇ, ಗರಗಸ ಹಗುರ ಆಯ್ತು.

ಇದಕ್ಕೆ ಸಾಕ್ಷಿ ಬೇಕಲ್ಲ. ಗ್ಲಿಸರಿನ್ ಗೊತ್ತುಂಟಲ್ಲ, ಮೆಡಿಕಲ್ ಶಾಪಲ್ಲಿ ಸಿಗುದು. ದೊಡ್ಡ ನೀರು ತಿಗಣೆ ಅಂತ ಒಂದು ಉಂಟು, ಲೆಥೋಸೆರಸ್, ಅಂಗೈ ಅಗಲ ಬೆಳೀತದೆ, ಕೆರೆಯಲ್ಲಿ ಗದ್ದೆಯಲ್ಲಿ ಇರ್ತದೆ, ಮಳೆಗಾಲದಲ್ಲಿ ದೀಪಕ್ಕೆ ಬಂದು ಬೀಳ್ತದೆ, ಕಚ್ಚಿದ್ರೆ ಜನ್ಮದಲ್ಲಿ ಮರೀಲಿಕ್ಕಿಲ್ಲ. ಅದರ ಹಾರುವ ಸ್ನಾಯುವನ್ನ ತೆಗೆದು ಗ್ಲಿಸರಿನಿನಲ್ಲಿ ಹಾಕಿ ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇಡ್ಬಹುದು. ಕೋಶದ ಪೊರೆ ಹೋಗ್ತದೆ, ಚೀಲ ಹೋಗ್ತದೆ, ನರ ಯಾವತ್ತೋ ಹೋಗಿದೆ, ಉಳಿಯುದು ಬರೀ ಹಗ್ಗ ಮತ್ತು ಕೈಗಳು. ಆ ಕೂದಲೆಳೆಯಂಥಾ ನಾರನ್ನ ತೆಗೆದು ಎರಡು ತುದಿ ಅಂಟಿಸಿ, ಎಟಿಪಿ ಹಾಕಿದ ನೀರಲ್ಲಿ ಅದ್ದಿ, ಕ್ಯಾಲ್ಸಿಯಂ ಒಂದೇ ಮಟ್ಟದಲ್ಲಿ ಇಟ್ಟು, ಒಂದು ಸಲ ಮೆಲ್ಲ ಹಿಗ್ಗಿಸಿದ್ರೆ ಸಾಕು, ಅದು ತಾನೇ ಎಳೀತದೆ ಬಿಡ್ತದೆ, ಎಳೀತದೆ ಬಿಡ್ತದೆ. ಜ್ಯೂವೆಲ್ ಮತ್ತು ರೂಯೆಗ್ 1966ರಲ್ಲಿ ಇದನ್ನ ಬರೆದ್ರು. ಕ್ಯಾಲ್ಸಿಯಂ ಏರುದೂ ಇಲ್ಲ ಇಳಿಯುದೂ ಇಲ್ಲ, ಆದ್ರೂ ಬಡಿತ ಉಂಟು. ಕ್ಯಾಲ್ಸಿಯಂ ಪೂರ್ತಿ ತೆಗೆದ್ರೆ ಮಾತ್ರ ಎಷ್ಟು ಹಿಗ್ಗಿಸಿದ್ರೂ ಜಪ್ಪಯ್ಯ ಅನ್ನುದಿಲ್ಲ. ನಾನು ಓದಿದ ಶರೀರಶಾಸ್ತ್ರದಲ್ಲೆಲ್ಲ ಇದರಷ್ಟು ಮನಸ್ಸಿಗೆ ಹತ್ತಿದ ಪ್ರಯೋಗ ಇನ್ನೊಂದಿಲ್ಲ. ಜೀವ ಹೋಗಿ ಎಷ್ಟೋ ತಿಂಗಳಾದ ಮೇಲೆ ಆ ನಾರಿನಲ್ಲಿ ರೆಕ್ಕೆಯ ಲಯ ಉಳಿದಿರ್ತದೆ.

ಇದೆಲ್ಲ ನಡಿಯುದು ಎಂತರಲ್ಲಿ ಅಂತ ಹುಡುಕುವಾಗ ಪುನಃ ಟ್ರೊಪೋನಿನ್-ಸಿಗೆ ಬಂದು ಮುಟ್ಟಿದ್ರು. ಈ ತಿಗಣೆಯ ಹಾರುವ ಸ್ನಾಯುವಿನಲ್ಲಿ ಟ್ರೊಪೋನಿನ್-ಸಿ ಒಂದಲ್ಲ, ಎರಡು ಥರ, ಎಫ್1 ಮತ್ತು ಎಫ್2. ಎಫ್2 ಎರಡು ಕ್ಯಾಲ್ಸಿಯಂ ಹಿಡೀತದೆ, ಎರಡು ತುದಿಯಲ್ಲಿ ಒಂದೊಂದು, ಮಾಮೂಲಿ ಸ್ನಾಯುವಿನ ಹಾಗೆ. ಎಫ್1 ಹಿಡಿಯುದು ಒಂದೇ, ಅದೂ ಸಿ ತುದಿ ಅನ್ನುವ ಒಂದು ತುದಿಯಲ್ಲಿ ಮಾತ್ರ. ಯಾವ ತುದಿ ಅರಳಿ ಟ್ರೊಪೋನಿನ್-ಐಯನ್ನ ಎಳ್ಕೊಳ್ಬೇಕೋ ಆ ತುದಿಯ ಹಸ್ತ ಎರಡೂ ಖಾಲಿ, ಕ್ಯಾಲ್ಸಿಯಂ ಎಷ್ಟು ಬಂದ್ರೂ ಅಲ್ಲಿ ಕೂರುದಿಲ್ಲ. 2004ರಲ್ಲಿ ಬೆಲಿಂಡಾ ಬುಲ್ಲಾರ್ಡ್ ಮತ್ತೆ ಅವರ ಜೊತೆಗಾರರು ಪ್ರಕಟಿಸಿದ ಪ್ರಯೋಗ ಹೀಗೆ: ಆ ನಾರಿನಿಂದ ಅದರದ್ದೇ ಟ್ರೊಪೋನಿನ್-ಸಿಯನ್ನ ತೆಗೆದ್ರು, ಒಂದಕ್ಕೆ ಬರೀ ಎಫ್1 ಹಾಕಿದ್ರು, ಇನ್ನೊಂದಕ್ಕೆ ಬರೀ ಎಫ್2. ಬರೀ ಎಫ್2 ಇದ್ದ ನಾರು ಕ್ಯಾಲ್ಸಿಯಂ ಕೊಟ್ಟಾಗ ಬಿಗಿ ಹಿಡೀತು, ಆದ್ರೆ ಹಿಗ್ಗಿಸಿದ್ರೆ ಎಚ್ಚರ ಆಗ್ಲಿಲ್ಲ. ಬರೀ ಎಫ್1 ಇದ್ದದ್ದು ಹಿಗ್ಗಿಸಿದಾಗ ಎಚ್ಚರ ಆಯ್ತು, ಕ್ಯಾಲ್ಸಿಯಮ್ಮಿಗೆ ಹಾಗೆ ಬಿಗಿ ಹಿಡೀಲಿಲ್ಲ. ಅಂದ್ರೆ ಹಸ್ತದಲ್ಲಿ ಒಂದು ಕ್ಯಾಲ್ಸಿಯಂ ಕಡಿಮೆ ಹಿಡಿಯುವ ಪ್ರೋಟೀನೇ ಹಾರ್ಲಿಕ್ಕೆ ಬೇಕಾದ್ದು! ಕಳ್ಕೊಂಡ ಶಕ್ತಿಯೇ ಅಲ್ಲಿ ಕೆಲಸಕ್ಕೆ ಬಂತು. ಹಣ್ಣಿನ ನೊಣದಲ್ಲೂ ಇದೇ ಥರದ ಜೋಡಿ ಉಂಟು.

ಹಿಗ್ಗುದು ಟ್ರೊಪೋನಿನ್ನಿಗೆ ಗೊತ್ತಾಗುದು ಹೇಗೆ ಅಂತ ಇಲ್ಲಿ ಕೂತ ಒಬ್ಬರು ಟೀಚರ್ ಕೇಳಿದ್ರು, ಅದೇ ಸರಿಯಾದ ಪ್ರಶ್ನೆ. 2011ರಲ್ಲಿ ಅದೇ ತಿಗಣೆಯ ನಾರಿಗೆ ಎಕ್ಸ್-ರೇ ಬಿಟ್ಟು ಹಿಗ್ಗಿಸುತ್ತಾ ನೋಡಿದಾಗ, ಮಯೋಸಿನ್ನಿನ ಕೆಲವು ಕೈಗಳು ಆಕ್ಟಿನ್ನನ್ನ ಹಿಡಿಯುವ ಬದಲು ಟ್ರೊಪೋನಿನ್ನನ್ನೇ ಹಿಡ್ಕೊಂಡ ಹಾಗೆ ಕಂಡಿತು, ಸೇತುವೆ ಹಾಗೆ, ಮತ್ತೆ ಹಿಗ್ಗಿದಾಗ ಆ ಅಡ್ಡ ನೂಲು ಪಕ್ಕಕ್ಕೆ ಜರುಗುದೂ ಕಂಡಿತು. ಅಂದ್ರೆ ಕ್ಯಾಲ್ಸಿಯಂ ಮಾಡ್ಬೇಕಾದ ಆ ಕೊನೆಯ ಎಳೆತವನ್ನ ಈ ಸೇತುವೆ ಕೈಯಿಂದ ಹಿಡಿದು ಎಳೆದೇ ಮಾಡ್ತದೆ ಅಂತ ವಿವರಣೆ. ನನಗೆ ಇದು ಒಪ್ಪಿಗೆಯಾಗುವ ವಿವರಣೆ, ಕೆಲಸ ಇನ್ನೂ ನಡೀತಾ ಉಂಟು.

ಹಾಗಾದ್ರೆ ನೊಣದಲ್ಲಿ ಕ್ಯಾಲ್ಸಿಯಂ ದಂಡಕ್ಕಾ? ಅಲ್ಲ. ಆಗುಂಬೆ ಘಾಟಿ ಹತ್ತುವ ಬಸ್ಸನ್ನ ನೆನಪು ಮಾಡಿ. ಎಂಜಿನ್ ತಾನೇ ತಿರುಗ್ತಾ ಇರ್ತದೆ, ಪ್ರತೀ ಸುತ್ತಿಗೂ ಡ್ರೈವರ್ ಕಾಲು ಒತ್ತುದಿಲ್ಲ, ಆದ್ರೆ ತಿರುವಲ್ಲಿ ಏರು ಬಂದಾಗ ಆಕ್ಸಿಲರೇಟರ್ ಜಾಸ್ತಿ ಒತ್ತಿ ಹಿಡೀತಾನೆ. 2006ರಲ್ಲಿ ಗಾರ್ಡನ್ ಮತ್ತು ಡಿಕಿನ್ಸನ್ ಹಾರುವ ಹಣ್ಣಿನ ನೊಣದ ಸ್ನಾಯುವಿನ ಒಳಗೆ ಕ್ಯಾಲ್ಸಿಯಂ ಎಷ್ಟುಂಟು ಅಂತ ಬೆಳಕಿನಲ್ಲಿ ನೋಡಿದ್ರು. ಅದಕ್ಕೆ ಬಳಸಿದ ಬಣ್ಣವೂ ಒಂದು ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನಿನಿಂದ ಮಾಡಿದ್ದೇ, ಕ್ಯಾಲ್ಮಾಡ್ಯುಲಿನ್, ಅದರಲ್ಲೂ ನಾಲ್ಕು ಇಎಫ್ ಹಸ್ತ. ನೊಣಕ್ಕೆ ಜಾಸ್ತಿ ಬಲ ಬೇಕಾದಾಗ ನರ ಜಾಸ್ತಿ ಸಲ ಹೇಳ್ತದೆ, ಕ್ಯಾಲ್ಸಿಯಂ ಮಟ್ಟ ಮೆಲ್ಲ ಏರ್ತದೆ, ಬಲ ಏರ್ತದೆ. ಬಡಿತಕ್ಕೊಂದು ಅಪ್ಪಣೆ ಕೊಡುವ ಕೆಲಸ ಬಿಟ್ಟು ಕ್ಯಾಲ್ಸಿಯಂ ಎಷ್ಟು ಜೋರು ಅಂತ ಹೇಳುವ ಕೆಲಸ ಹಿಡಿದಿದೆ. ನಮ್ಮ ರಾಜ್ಯದಲ್ಲೇ ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಗೈತಿ ಹಸನ್ ಅವರು ನೊಣದ ನರದ ಒಳಗಿನ ಕ್ಯಾಲ್ಸಿಯಂ ಕಿಂಡಿ ಕೆಟ್ರೆ ನೊಣ ಹಾರುದಿಲ್ಲ ಅಂತ ತೋರಿಸಿದ್ದಾರೆ, ಐಐಎಸ್‌ಸಿಯಲ್ಲಿ ಉಪೇಂದ್ರ ನೊಂಗ್‌ತೊಂಬಾ ಅವರು ಇದೇ ಹಾರುವ ಸ್ನಾಯುವಿನ ಮೇಲೆ ಎಷ್ಟೋ ವರ್ಷದಿಂದ ಕೆಲಸ ಮಾಡ್ತಾ ಇದ್ದಾರೆ. ಇಲ್ಲಿ ಬಿಎಸ್ಸಿ ಮಕ್ಕಳು ಕೂತಿದ್ದೀರಿ, ಇದೆಲ್ಲ ದೂರದ ದೇಶದ್ದು ಮಾತ್ರ ಅಂತ ತಿಳ್ಕೊಳ್ಬೇಡಿ.

ಜೇನು ಇಟ್ಟವರು ಇಲ್ಲಿ ಕೈ ಎತ್ತಿದ್ದೀರಿ, ನಿಮಗೆ ಒಂದು. ಬೆಳಿಗ್ಗೆ ಚಳಿಯಲ್ಲಿ ಪೆಟ್ಟಿಗೆ ಮುಚ್ಚಳ ತೆಗೆದ್ರೆ ಮರಿಗಳ ಎರಿಯ ಮೇಲೆ ಹುಳ ಸುಮ್ಮನೆ ಕೂತ ಹಾಗೆ ಕಾಣ್ತದೆ, ರೆಕ್ಕೆ ಮಡಚಿದೆ, ಹೊಟ್ಟೆ ಮಾತ್ರ ಬೇಗ ಬೇಗ ಉಸಿರಾಡ್ತದೆ. ಕೈ ಹತ್ತಿರ ಇಟ್ರೆ ಬಿಸಿ. ಆ ಹುಳ ಸುಮ್ಮನೆ ಕೂತದ್ದಲ್ಲ, ಹಾರುವ ಸ್ನಾಯುವನ್ನೇ ಓಡಿಸ್ತಾ ಉಂಟು. ನರ ಹೆಚ್ಚು ಹೆಚ್ಚು ಹೇಳ್ತದೆ, ಕ್ಯಾಲ್ಸಿಯಂ ಏರ್ತದೆ, ಎರಡೂ ಕಂತೆ ಒಟ್ಟಿಗೆ ಬಿಗಿ ಹಿಡೀತವೆ. ಗರಗಸದ ಇಬ್ಬರೂ ಒಂದೇ ಹೊತ್ತಿಗೆ ಎಳೆದ್ರೆ ಗರಗಸ ಅಲ್ಲಾಡುದಿಲ್ಲ, ಇಬ್ಬರ ಮೈಯೂ ಬೆವರ್ತದೆ, ಅಷ್ಟೇ. ಆ ಬಿಸಿಯಿಂದ್ಲೇ ಮರಿ ಇರುವ ಎರಿ 34-35 ಡಿಗ್ರಿಯಲ್ಲಿ ಉಳಿಯುದು. ನಮ್ಮ ತುಡುವೆ ಜೇನಿನದ್ದೇ ಜಾತಿ ಜಪಾನಿನಲ್ಲಿಯೂ ಉಂಟು, ಅಲ್ಲಿ ದೊಡ್ಡ ಕಣಜ ಪೆಟ್ಟಿಗೆಗೆ ನುಗ್ಗಿದ್ರೆ ನೂರಾರು ಜೇನು ಅದನ್ನ ಮುತ್ತಿ ಉಂಡೆ ಕಟ್ಟಿ ಹೀಗೇ ಬಿಸಿ ಮಾಡಿ ಸುಮಾರು 46-47 ಡಿಗ್ರಿಗೆ ಏರಿಸಿ ಸಾಯಿಸ್ತವೆ, ಒಂದು ಸಲ ಕೂಡ ಚುಚ್ಚದೆ. ಆ ನೀರು ತಿಗಣೆ ಕೂಡ ಹಾರುವ ಮೊದಲು ಹೀಗೆ ಮೈ ಬಿಸಿ ಮಾಡ್ಕೊಳ್ತದೆ. ಬಿಗಿ ಹಿಡಿಯುವ ಎಫ್2 ಅಲ್ಲಿ ಕೆಲಸಕ್ಕೆ ಬರ್ತದೆ ಅಂತ ಊಹೆ, ನನಗೂ ಹಾಗೇ ಕಾಣ್ತದೆ.

ಭತ್ತ ಬೆಳೆಯುವವರಿಗೂ ಇದರಲ್ಲಿ ಒಂದು ಮಾತುಂಟು. ಕಾಂಡ ಕೊರಕಕ್ಕೆ, ಎಲೆ ಸುರುಳಿ ಹುಳಕ್ಕೆ ಈಗ ಕ್ಲೋರಾಂಟ್ರನಿಲಿಪ್ರೋಲ್ ಅನ್ನುವ ಮದ್ದು ಹಾಕ್ತಾರಲ್ಲ, ಅದು ಹುಳದ ಸ್ನಾಯುವಿನ ಕ್ಯಾಲ್ಸಿಯಂ ಚೀಲದ ಕಿಂಡಿಯನ್ನ ತೆರೆದೇ ಇಡ್ತದೆ. ಆ ಕಿಂಡಿಗೆ ರಯಾನೊಡಿನ್ ಗ್ರಾಹಕ ಅಂತ ಹೆಸರು, ದಕ್ಷಿಣ ಅಮೆರಿಕದ ರಯಾನಿಯಾ ಅನ್ನುವ ಗಿಡದ ವಿಷದಿಂದ ಬಂದ ಹೆಸರು, ಆ ಗಿಡದ ಪುಡಿಯನ್ನೂ ಹಿಂದೆ ಕೀಟನಾಶಕ ಅಂತ ಬಳಸ್ತಿದ್ರು. ಚೀಲ ಖಾಲಿ ಆಗ್ತದೆ, ಹುಳದ ಮೈ ಕುಗ್ಗಿ ಗಟ್ಟಿಯಾಗ್ತದೆ, ಬಾಯಿಯ ಸ್ನಾಯು ಕೆಲಸ ನಿಲ್ಲಿಸ್ತದೆ, ಹುಳ ಸಾಯುವ ಮೊದಲೇ ತಿನ್ನುದು ಬಿಡ್ತದೆ. ನಮ್ಮ ಸ್ನಾಯುವಿನ ಕಿಂಡಿಗೆ ಅದು ನೂರಾರು ಪಟ್ಟು ಕಡಿಮೆ ಹಿಡೀತದೆ, ಹಾಗಾಗಿ ಮನುಷ್ಯರಿಗೆ ಅಪಾಯ ಕಡಿಮೆ. ಆದ್ರೆ ಸಿಗಡಿ ಏಡಿ ಕುಟುಂಬದ ನೀರಿನ ಜೀವಿಗಳಿಗೆ ಅದು ದೊಡ್ಡ ವಿಷ. ನಮ್ಮ ಗದ್ದೆಯ ನೀರು ತೋಡಿಗೆ, ತೋಡು ಹೊಳೆಗೆ, ಹೊಳೆ ಅಳಿವೆಗೆ ಹೋಗುದು ಎಷ್ಟು ದೂರ ಅಂತ ನಿಮಗೇ ಗೊತ್ತುಂಟು. ಮದ್ದು ಹಾಕಿ ಮರುದಿವಸ ಗದ್ದೆ ನೀರು ಕಡಿದು ಬಿಡ್ಬೇಡಿ, ಇದನ್ನ ನಾನು ಕೈ ಮುಗಿದು ಕೇಳ್ತೇನೆ. ಮತ್ತೆ ಹೇಳಿದ್ದಕ್ಕಿಂತ ಜಾಸ್ತಿ ಸಲ ಹೊಡೀಬೇಡಿ, ಕೋಸಿನ ವಜ್ರಬೆನ್ನಿನ ಪತಂಗ ಫಿಲಿಪೈನ್ಸ್, ಥಾಯ್ಲೆಂಡಿನಲ್ಲಿ ಕೆಲವೇ ವರ್ಷದಲ್ಲಿ ಆ ಕಿಂಡಿಯ ಒಂದೇ ಒಂದು ಅಮೈನೋ ಆಮ್ಲ ಬದಲಾಯಿಸಿಕೊಂಡು ಮದ್ದಿಗೆ ಬಗ್ಗದೆ ನಿಂತದ್ದುಂಟು.

ಕೊನೆಗೆ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತು ಕೇಳಿದ, ಸರ್, ಗರಗಸದವರು ಸುರು ಮಾಡುದು ಹೂಂ ಅಂತ ಹೇಳಿ, ನೊಣಕ್ಕೆ ಮೊದಲನೇ ಹಿಗ್ಗು ಕೊಡುದು ಯಾರು, ನಿಲ್ಲಿಸುದು ಹೇಗೆ? ಅವ ಇದನ್ನ ಕೇಳಿದಾಗ ನನಗೆ ಇಡೀ ಸಂಜೆ ಸಾರ್ಥಕ ಅನಿಸ್ತು. ನೊಣ ಹೆದರಿ ಹಾರುವಾಗ ಮೊದಲು ಹಾರುದು ಕಾಲಿನಿಂದ. ಕಾಲು ಚಿಮ್ಮಿಸುವ ಒಂದು ಸ್ನಾಯು ಎದೆಯ ಪೆಟ್ಟಿಗೆಯಿಂದ ಕಾಲಿಗೆ ಹೋಗ್ತದೆ, ಅದು ಮಾಮೂಲಿ, ಕೂಗಿಗೊಂದು ಎಳೆತದ ಸ್ನಾಯು, ಅದು ಎಳೆದಾಗ ಪೆಟ್ಟಿಗೆ ಅಮುಕ್ತದೆ, ಹಾರುವ ಕಂತೆ ಹಿಗ್ತದೆ, ಅಲ್ಲಿಂದ ಸುರು. ನಿಲ್ಲಿಸುದು ಕೂಡ ಕಾಲೇ. ಇದನ್ನ ನಾನು ವಿದ್ಯಾರ್ಥಿ ಆಗಿದ್ದಾಗ ಮಾಡಿ ನೋಡಿದ್ದೇನೆ. ಒಂದು ನೊಣವನ್ನ ಸ್ವಲ್ಪ ಹೊತ್ತು ಐಸಿನಲ್ಲಿಟ್ಟು, ಮಂಪರು ಇರುವಾಗ ಬೆನ್ನಿಗೆ ಸೂಜಿ ಮೊನೆಯಷ್ಟು ಮೇಣ ಹಾಕಿ ಒಂದು ಕಡ್ಡಿಗೆ ಅಂಟಿಸಿದೆ. ಎಚ್ಚರ ಆದಾಗ ಕಾಲಿಗೆ ನೆಲ ಸಿಗ್ಲಿಲ್ಲ, ರೆಕ್ಕೆ ಸುರು ಆಯ್ತು, ಗುಂಯ್ ಅಂತ ಬಿಡದೆ. ಪೇಪರಿನ ಒಂದು ಸಣ್ಣ ಚೂರು, ಅಕ್ಕಿ ಕಾಳಿನಷ್ಟು, ಚಿಮಟದಲ್ಲಿ ಹಿಡಿದು ಕಾಲಿಗೆ ತಾಗಿಸಿದೆ. ಆರೂ ಕಾಲಲ್ಲಿ ಅದನ್ನ ಹಿಡ್ಕೊಂಡಿತು. ರೆಕ್ಕೆ ನಿಂತಿತು. ಆಗ ನರ ಸುಮ್ಮನಾಗಿರ್ತದೆ, ಆ ಚಿಂದಿ ಚೀಲಗಳು ಇದ್ದಷ್ಟು ಕ್ಯಾಲ್ಸಿಯಮ್ಮನ್ನ ಒಳಗೆ ಎಳ್ಕೊಳ್ತಾ ಇರ್ತವೆ, ಅಡ್ಡ ನೂಲು ಪುನಃ ತನ್ನ ಜಾಗಕ್ಕೆ ಬಂದಿರ್ತದೆ. ನೊಣ ಪೇಪರ್ ಚೂರನ್ನ ಕಾಲಲ್ಲೇ ತಿರುಗಿಸಿ ತಿರುಗಿಸಿ ನೋಡಿತು, ಚೆಂಡಿನ ಹಾಗೆ. ಸ್ವಲ್ಪ ಹೊತ್ತಿಗೆ ಕೈ ಜಾರಿ ಚೂರು ಕೆಳಗೆ ಬಿತ್ತು, ಬಿದ್ದ ಕೂಡ್ಲೇ ರೆಕ್ಕೆ ಪುನಃ ಸುರು ಆಯ್ತು.